ಪೈಪು ಕೊಯ್ದ ಪಂಡಿತರು

ಓದಿದ ಗಂಡಸಿನ ಕೈಗೆ ಗರಗಸ ಬಂದ ಕೂಡಲೇ ಅವನ ಮುಖ ಬದಲಾಗುತ್ತದೆ. ನೀವು ಗಮನಿಸಿದ್ದೀರೋ ಇಲ್ಲವೋ, ನಾನಂತೂ ಹತ್ತಿರದಿಂದ ನೋಡಿದ್ದೇನೆ. ಒಂದು ಕಣ್ಣು ಸಣ್ಣದಾಗುತ್ತದೆ. ನಾಲಗೆಯ ತುದಿ ತುಟಿಯ ಮೂಲೆಗೆ ಬಂದು ಕೂಡುತ್ತದೆ. ಮನೆಯಲ್ಲಿ ಯಾರಾದರೂ ಕೆಮ್ಮಿದರೆ, ಲೋಕಕಲ್ಯಾಣದ ಯಜ್ಞಕ್ಕೆ ಭಂಗ ಬಂದಂತೆ ತಿರುಗಿ ನೋಡುತ್ತಾನೆ. ಅಂಥ ಹೊತ್ತಿನಲ್ಲಿ ಬುದ್ಧಿವಂತ ಹೆಂಗಸು ಮಾಡಬೇಕಾದದ್ದು ಒಂದೇ: ಗಾಜಿನ ಸಾಮಾನನ್ನೆಲ್ಲ ಒಳಗಿಟ್ಟು, ಅಯೋಡಿನ್ನಿನ ಬಾಟಲಿ ಎಲ್ಲಿದೆ ಎಂದು ನೋಡಿಕೊಳ್ಳುವುದು.

ನಮ್ಮ ಮನೆಯವರು ಧಾರವಾಡದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದರು. ಹೊಗೆ ಇದ್ದಲ್ಲಿ ಬೆಂಕಿ ಇದ್ದೇ ಇರುತ್ತದೆ ಎಂದು ವರ್ಷಗಟ್ಟಲೆ ಹುಡುಗರಿಗೆ ಹೇಳಿ ಸಂಬಳ ತಂದವರು. ಆದರೆ ಮಳೆಗಾಲದಲ್ಲಿ ನಮ್ಮ ಒಲೆಯಲ್ಲಿ ಬರೀ ಹೊಗೆ ಇದ್ದು ಬೆಂಕಿಯ ಸುಳಿವೇ ಇರದ ಮುಂಜಾವುಗಳಲ್ಲಿ ಅವರು ಒಮ್ಮೆಯಾದರೂ ಅಡುಗೆಮನೆಗೆ ಬಂದು ತಮ್ಮ ಸಿದ್ಧಾಂತವನ್ನು ತಿದ್ದಿಕೊಂಡವರಲ್ಲ. ಅವರ ಮನೆತನ ಹುಬ್ಬಳ್ಳಿಯ ಹತ್ತಿ ವ್ಯಾಪಾರದ್ದು. ಆ ಮನೆತನದ ಗಂಡಸರ ಕೈ ತಲೆಮಾರುಗಳಿಂದ ಮಾಡಿದ ಕೆಲಸವೆಂದರೆ ಹತ್ತಿ ತುಂಬಿದ ಅಂಡಿಗೆಯಿಂದ ಒಂದು ಚಿಟಿಕೆ ಅರಳೆ ಕಿತ್ತು, ಎರಡು ಬೆರಳಿನ ನಡುವೆ ಎಳೆದು ನೋಡಿ, "ಅಡ್ಡಿ ಇಲ್ಲ" ಎನ್ನುವುದು. ಅಂಥ ಬೆರಳಿಗೆ ದೇವರು ಗರಗಸ ಕೊಡಬಾರದು. ಕೊಟ್ಟ. ಅದರ ಕಥೆಯನ್ನೇ ಈಗ ಹೇಳುತ್ತಿರುವುದು.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಆಗ ನಮ್ಮ ಬಾಡಿಗೆ ಮನೆಯಲ್ಲಿ ನಾವು ಮೂವರೇ: ಅವರು, ಅವರ ತಾಯಿ ಎಂದರೆ ನಮ್ಮ ಅತ್ತೆ, ಮತ್ತು ಹುಡುಗಿಯರ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನಾನು. ಹಿತ್ತಲಲ್ಲಿ ಬಾವಿ. ಬಾವಿಗೂ ಅಡುಗೆಮನೆಗೂ ನಡುವೆ ಕಲ್ಲು ಹಾಸಿದ ಅಂಗಳ. ಧಾರವಾಡದ ಮಳೆ ನಿಮಗೆ ಗೊತ್ತಲ್ಲ, ಅದು ಸುರಿಯುವುದಿಲ್ಲ, ಸಾಲ ಕೇಳಲು ಬಂದ ನೆಂಟನಂತೆ ಜಿಟಿಜಿಟಿ ಎನ್ನುತ್ತ ವಾರಗಟ್ಟಲೆ ಕೂತಿರುತ್ತದೆ. ಆ ಕಲ್ಲುಗಳ ಮೇಲೆ ಪಾಚಿ ಬೆಳೆದು ಹಸಿರು ರೇಷ್ಮೆ ಹಾಸಿದಂತಾಗಿತ್ತು. ಒಂದು ಬೆಳಿಗ್ಗೆ ಅತ್ತೆ ಪೂಜೆಯ ನೀರು ತರುವಾಗ ಅದರ ಮೇಲೆ ಕಾಲಿಟ್ಟು ಜಾರಿದರು. ಪುಣ್ಯಕ್ಕೆ ಸೊಂಟ ಉಳಿಯಿತು, ಬಲಗೈ ಮಣಿಕಟ್ಟು ಬಾತುಕೊಂಡಿತು. ಡಾಕ್ಟರು ಪಟ್ಟಿ ಸುತ್ತಿ, ಮಳೆಗಾಲ ಮುಗಿಯುವತನಕ ಭಾರ ಎತ್ತಕೂಡದು, ಇನ್ನೊಮ್ಮೆ ಬಿದ್ದರೆ ಕೈಯ ಆಶೆ ಬಿಡಬೇಕಾದೀತು ಎಂದರು.

ಸಾಮಾನ್ಯ ಮನೆಯಲ್ಲಾದರೆ ಸೊಸೆ ನೀರು ತರುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ನಮ್ಮದು ಸಾಮಾನ್ಯ ಮನೆಯಲ್ಲ. ಅತ್ತೆಯ ಲಿಂಗಪೂಜೆಗೆ ಬೇಕಾದ ಅಗ್ಘವಣಿಯನ್ನು, ಎಂದರೆ ಪೂಜೆಯ ಹೊಸ ನೀರನ್ನು, ಅತ್ತೆಯೇ ತರಬೇಕು. ನಾನು ತರುವಂತಿರಲಿಲ್ಲ. ನನ್ನ ಮೇಲಿದ್ದ ಆಪಾದನೆಯನ್ನು ಅವರು ಮಗನೆದುರು ಒಮ್ಮೆ ಹೇಳಿದ್ದರು: "ಆಕಿ ಪೂಜಿ ಮಾಡೂದಿಲ್ಲೋ ಬಸೂ, ಪೂಜಿ ಮುಗಸ್ತಾಳ." ಬೆಳಿಗ್ಗೆ ಶಾಲೆಗೆ ಓಡುವವಳ ಪೂಜೆ ಇನ್ನು ಹೇಗಿದ್ದೀತು? ಆ ಹೊತ್ತು ನಾನು ಬಾಗಿಲಲ್ಲೇ ನಿಂತಿದ್ದೆ. ಆದರೂ ಮಾತು ನನಗಲ್ಲ, ಮಗನಿಗೆ. ಮದುವೆಯಾದಂದಿನಿಂದ ಅತ್ತೆಯ ಪದ್ಧತಿ ಅದು. ಸೊಸೆಗೆ ಹೇಳಬೇಕಾದದ್ದನ್ನು ಮಗನಿಗೆ ಹೇಳುವರು, ಮಗ ಇರದಿದ್ದರೆ ಗೋಡೆಗೆ ಹೇಳುವರು. ನಾನೂ ಅಷ್ಟೇ ಮರ್ಯಾದೆಯಿಂದ ಗೋಡೆಗೆ ಉತ್ತರ ಕೊಡುತ್ತಿದ್ದೆ. ಆ ಮನೆಯ ಗೋಡೆಗಳಷ್ಟು ಸಂಸಾರ ಬಲ್ಲ ಗೋಡೆಗಳು ಊರಲ್ಲಿ ಇನ್ನೆಲ್ಲೂ ಇರಲಾರವು.

ಹೀಗಾಗಿ ಬಿದ್ದ ಮರುದಿನವೇ ಅತ್ತೆ ಎಡಗೈಯಲ್ಲಿ ಚಂಬು ಹಿಡಿದು ಮತ್ತೆ ಅದೇ ಕಲ್ಲಿನ ಮೇಲೆ ಹೊರಟರು. ನಮ್ಮವರು ತಡೆದರು. ನಾನು ತರುತ್ತೇನೆ ಎಂದರು. "ನೀನೂ ಮುಗಸಾಂವನ" ಎಂದು ಅತ್ತೆ ಮುಂದೆ ನಡೆದರು. ಊರಿನ ಪಂಡಿತರನ್ನೆಲ್ಲ ವಾದದಲ್ಲಿ ಸೋಲಿಸಿದ ನಮ್ಮವರು ತಾಯಿಯೆದುರು ಒಂದು ವಾದವನ್ನೂ ಗೆದ್ದವರಲ್ಲ. ಅಂದು ಇಡೀ ದಿನ ಅಟ್ಟ ನೋಡುತ್ತ ಕೂತರು. ಸಂಜೆಗೆ ಅವರ ಮುಖದಲ್ಲಿ ಬೆಳಕು ಮೂಡಿತು. ಆ ಬೆಳಕು ಕಂಡಾಗಲೇ ನಾನು ಗಾಜಿನ ಸಾಮಾನು ಒಳಗಿಡಲು ಎದ್ದೆ.

"ಅವ್ವಾ, ನೀರು ತಾನ ಹರದು ನಿನ್ನ ಪೂಜಿ ಜಗಲಿ ಮುಂದ ಬಂದರ? ಯಾರೂ ತಂದಂಗ ಆಗೂದಿಲ್ಲಲ್ಲಾ?"

"ನೀರಿಗೇನ ಕಾಲ ಬಂದಾವೇನೋ?"

"ಪೈಪಿಗೆ ಬರ್ತಾವ," ಎಂದರು ನಮ್ಮವರು.

ಮುಂದಿನ ರವಿವಾರ ಹುಬ್ಬಳ್ಳಿಗೆ ಹೋದರು. ಕಮರಿಪೇಟೆಯಲ್ಲಿ ಪರಿಚಯದವರೊಬ್ಬರು ಪ್ಲಾಸ್ಟಿಕ್ ಸಾಮಾನಿನ ಅಂಗಡಿ ತೆಗೆದಿದ್ದರು. ಆಗೆಲ್ಲ ನಮಗೆ ಪ್ಲಾಸ್ಟಿಕ್ಕೆಂದರೆ ಬಳೆ, ಬಾಚಣಿಗೆ, ಕೂಸಿನ ಗಿಲಕಿ. ಅದರ ಪೈಪನ್ನು ನಾನು ಕಂಡಿರಲಿಲ್ಲ. ನಮ್ಮವರು ಬಸ್ಸಿನ ಟಪ್ಪಿನ ಮೇಲೆ ಕಟ್ಟಿಸಿ ತಂದರು. ಬೂದಿ ಬಣ್ಣದ, ಬೆರಳ ದಪ್ಪಕ್ಕಿಂತ ತುಸು ಮೇಲಾದ, ತೆಳ್ಳನೆಯ ಕೊಳವೆಗಳು. ಹೆಗಲ ಮೇಲೆ ಹೊತ್ತು ಓಣಿಯಲ್ಲಿ ಬರುವಾಗ ಅವು ಹಿಂದೆ ಮುಂದೆ ಬಳುಕುತ್ತಿದ್ದವು. ನಡುವೆ ನಮ್ಮವರು, ಯುದ್ಧ ಗೆದ್ದು ಬಿಲ್ಲು ಹೊತ್ತು ಬಂದ ಅರ್ಜುನನ ಠೀವಿಯಲ್ಲಿ. ಬಾಗಿಲಲ್ಲಿ ತಿರುಗುವಾಗ ಹಿಂದಿನ ತುದಿ ಪಕ್ಕದ ಮನೆಯವರ ಒಗೆದು ಹಾಕಿದ ಧೋತರವನ್ನು ಕೆಳಗಿಳಿಸಿತು.

ಪ್ಲಾಸ್ಟಿಕ್ಕನ್ನು ಕಂಡರೆ ನನಗೆ ಅಂದೂ ಗೌರವವಿರಲಿಲ್ಲ, ಇಂದೂ ಇಲ್ಲ. ಹಿತ್ತಾಳೆಗೆ ಹುಟ್ಟಿದೂರಿದೆ, ಮಣ್ಣಿಗೆ ತಾಯಿಯಿದ್ದಾಳೆ, ಬಿದಿರಿಗೆ ಮೆಳೆಯಿದೆ. ಇದಕ್ಕೆ? ಬಡಿದರೆ ನಾದವಿಲ್ಲ, ಮುಟ್ಟಿದರೆ ತಂಪಿಲ್ಲ, ಸುಟ್ಟರೆ ಬೂದಿಯಿಲ್ಲ, ವಾಸನೆ ಮಾತ್ರ ಉಂಟು. ನಮ್ಮ ತವರು ಹೆಬ್ಬಳ್ಳಿಯಲ್ಲಿ ತೋಟಕ್ಕೆ ನೀರು ಹಾಯಿಸುವಾಗ ಮಣ್ಣಿನಲ್ಲೇ ಸಾಲು ತೆಗೆಯುತ್ತಿದ್ದರು. ಒಡೆದರೆ ಅದೇ ಮಣ್ಣು ಎರಡು ಹಿಡಿ ಎಳೆದು ಮುಚ್ಚುತ್ತಿದ್ದರು. ಮುರಿದದ್ದನ್ನು ಕೂಡಿಸಲು ಬಾರದ ಸಾಮಾನನ್ನು ಮನುಷ್ಯ ಮನೆಗೆ ತರಬಾರದೆಂದು ನನ್ನ ಮತ. ಕೇಳಿದವರು ಯಾರು?

ಯೋಜನೆ ಹೀಗಿತ್ತು. ಬಾವಿಯ ಕಟ್ಟೆಯ ಮೇಲೆ ಒಂದು ಪೀಪಾಯಿ. ದಿನಾ ಬೆಳಿಗ್ಗೆ ನಮ್ಮವರು ಜಳಕ ಮಾಡಿ ಅದನ್ನು ತುಂಬುವುದು. ಅದರಿಂದ ಹೊರಟ ಪೈಪು ಕಿಟಕಿಯಲ್ಲಿ ಒಳಗೆ ಬಂದು ಗೋಡೆಗುಂಟ ಹರಿದು ಅತ್ತೆಯ ಪೂಜೆಯ ಜಗಲಿಯತನಕ ಹೋಗುವುದು. ದಾರಿಯಲ್ಲಿ ಬಚ್ಚಲ ಮೇಲೊಂದು, ಒಲೆಯ ಪಕ್ಕಕ್ಕೊಂದು, ಜಗಲಿಯ ಮುಂದೊಂದು ತೂತು. ತೂತಿಗೆ ಕಟ್ಟಿಗೆಯ ಬೆಣೆ. ಬೇಕಾದಾಗ ತೆಗೆಯುವುದು, ಸಾಕಾದಾಗ ಬಡಿಯುವುದು.

"ನಳಾ ಹಾಕಿದರ ಆಗೂದಿಲ್ಲೇನ್ರಿ?" ಎಂದೆ.

"ನಳಾ ಅಂದ್ರ ಸುಮ್ಮನ ತೊಡಕು," ಎಂದರು. ನಳ ತೊಡಕಂತೆ! ಲೋಕವೆಲ್ಲ ಒಪ್ಪಿದ ಸರಳ ವಸ್ತುವನ್ನು ತೊಡಕೆನ್ನಲು, ತಾನು ಕಟ್ಟಿದ ತೊಡಕನ್ನು ಸರಳವೆನ್ನಲು ದೊಡ್ಡ ವಿದ್ಯೆಯೇ ಬೇಕು.

ಹೊರಗೆ ಜಿಟಿಜಿಟಿ ಮಳೆ. ಆದ್ದರಿಂದ ಕಾರ್ಖಾನೆ ನಡುಮನೆಯಲ್ಲೇ ಶುರುವಾಯಿತು. ಕಾಲೇಜಿನ ಭೌತಶಾಸ್ತ್ರದ ಗೆಳೆಯರಿಂದ ಒಂದು ಹ್ಯಾಕ್ಸಾ ಗರಗಸ, ಒಂದು ಅರ, ಹಿಡಿಕೆ ತಿರುಗಿಸಿ ತೂತು ಕೊರೆಯುವ ಒಂದು ಕೈಬೈರಿಗೆ ಬಂದಿದ್ದವು. ಅತ್ತೆಯ ಮಂಚದ ಕಾಲಿಗೆ ಪೈಪನ್ನು ಒತ್ತಿ, ಅದರ ಮೇಲೆ ತಮ್ಮ ಪಾದವಿಟ್ಟು, ಒಂದು ಕಣ್ಣು ಮುಚ್ಚಿ, ನಾಲಗೆ ಹೊರಗಿಟ್ಟು ನಮ್ಮವರು ಗರಗಸ ಎಳೆದರು. ಪೈಪು ಕಿರ್ರೆಂದು ಕಿರಿಚಿತು, ನಡುಗಿತು, ಪಾದದ ಕೆಳಗಿನಿಂದ ಜಾರಿ ಭಾಂಡೆ ಇಡುವ ನಾಗೊಂದಿಗೆಯ ಕಡೆ ಓಡಿತು. ಮತ್ತೆ ಹಿಡಿದು ತಂದರು. ಈ ಸಲ ಗಟ್ಟಿಯಾಗಿ ತುಳಿದರು. ತುಳಿದ ಭಾರಕ್ಕೆ ಪೈಪು ಚಪ್ಪಟೆಯಾಗಿ ಗರಗಸದ ಹಲ್ಲನ್ನೇ ಕಚ್ಚಿ ಹಿಡಿಯಿತು. ಎಳೆದರೆ ಬಾರದು, ತಳ್ಳಿದರೆ ಹೋಗದು. ಮೇಲಿನಿಂದ ಅರ್ಧ ಕೊಯ್ದು, ತಿರುವಿ, ಕೆಳಗಿನಿಂದ ಅರ್ಧ ಕೊಯ್ದರು. ಎರಡು ಕೊಯ್ತಗಳು ಒಂದನ್ನೊಂದು ಭೆಟ್ಟಿಯಾಗಲೇ ಇಲ್ಲ. ಗುಡ್ಡದ ಆ ಕಡೆಯಿಂದೊಬ್ಬ ಈ ಕಡೆಯಿಂದೊಬ್ಬ ಹೊರಟು, ದಾರಿ ತಪ್ಪಿ, ತಂತಮ್ಮ ಊರಿಗೆ ಮುಟ್ಟಿದ ಹಾಗೆ. ಕಡೆಗೆ ಕೈಯಿಂದ ಮುರಿದರು. ಉದ್ದಕ್ಕೆ ಒಂದು ಸೀಳು ಬಿಟ್ಟಿತು.

ಬೂದಿ ಬಣ್ಣದ ಪುಡಿ ಮನೆ ತುಂಬ. ಕಟ್ಟಿಗೆಯ ಪುಡಿಯಾದರೆ ಗುಡಿಸಿದರೆ ಹೋಗುತ್ತದೆ. ಇದು ಕಸಬರಿಗೆಗೇ ಅಂಟುತ್ತದೆ. ಸೀರೆಗೆ ಅಂಟಿತು, ತಲೆಗೂದಲಿಗೆ ಅಂಟಿತು, ರೊಟ್ಟಿಯ ಹಿಟ್ಟಿನ ಬುಟ್ಟಿಯತ್ತ ಹೊರಟಿದ್ದನ್ನು ನಾನು ಸೆರಗಿನಿಂದ ತಡೆದೆ. ಅತ್ತೆ ಮಂಚದ ಮೇಲೆ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಮಗನ ನೆತ್ತಿಯನ್ನೇ ನೋಡುತ್ತ ಕೂತಿದ್ದರು. ಅವರ ಮೌನದಲ್ಲಿ ನನಗೆ ಮೊದಲ ಬಾರಿ ಒಬ್ಬ ಸಮಾನಮನಸ್ಕಳು ಕಂಡಳು.

ಮುಂದಿನ ರವಿವಾರ ತೂತು ಕೊರೆಯುವ ಉತ್ಸವ. ಪೈಪು ದುಂಡಗಿದೆ, ಬೈರಿಗೆಯ ಮೊನೆ ಚೂಪಗಿದೆ. ದುಂಡಗಿನದರ ಮೇಲೆ ಚೂಪಾದದ್ದು ನಿಲ್ಲುವುದಿಲ್ಲವೆಂದು ಗೋಲಿ ಆಡಿದ ಹುಡುಗರಿಗೂ ಗೊತ್ತು. ಮೊನೆ ಅತ್ತ ಜಾರಿತು, ಇತ್ತ ಜಾರಿತು, ಪೈಪಿನ ಮೈಮೇಲೆ ಗೀರೆಳೆಯಿತು. ಒಂದು ಕಡೆ ನೆಲೆ ನಿಂತಾಗ ನಮ್ಮವರು ಉತ್ಸಾಹದಿಂದ ಮೈಭಾರವನ್ನೆಲ್ಲ ಹಾಕಿ ಒತ್ತಿದರು. ಪಟ್ ಎಂದು ಹಪ್ಪಳ ಮುರಿದ ಸದ್ದು. ತೂತಿನ ಜಾಗದಲ್ಲಿ ಒಂದು ಹರಕು ಬಾಯಿ. ಇನ್ನೊಂದು ತುಂಡು ತೆಗೆದುಕೊಂಡರು. ಮತ್ತೊಂದು ಹಪ್ಪಳ.

"ಇದರ ಗುಣಾನ ಹಿಂಗ," ಎಂದರು ನಮ್ಮವರು, ಪೈಪಿನ ಚಾರಿತ್ರ್ಯದ ಮೇಲೆ ತಪ್ಪು ಹೊರಿಸಿ.

ಆಗ ಅತ್ತೆ ಬಾಯಿ ಬಿಟ್ಟರು. ಮಗನಿಗಲ್ಲ, ಗೋಡೆಗೂ ಅಲ್ಲ. ನನ್ನ ಕಡೆ ತಿರುಗಿ, ನನ್ನ ಮುಖ ನೋಡಿ ಹೇಳಿದರು: "ವಿಮಲಾ, ಇಂವ ಕಾಲೇಜಿನ್ಯಾಗ ಖರೇನ ಕಲಸ್ತಾನೋ, ಇಲ್ಲಾ ಅಲ್ಲೂ ಹಿಂಗ ತೂತ ಹಾಕ್ತಾನೋ?"

ನಾನು ನಕ್ಕೆ. ಅಂಥ ನಗೆ ನಾನು ಆ ಮನೆಯಲ್ಲಿ ಅದಕ್ಕೂ ಮೊದಲು ನಕ್ಕಿರಲಿಲ್ಲ. ಅತ್ತೆಯೂ ನಕ್ಕರು. ಪೆಟ್ಟಾದ ಕೈ ನೋಯಿತೆಂದು ಇನ್ನೊಂದು ಕೈಯಿಂದ ಹಿಡಿದುಕೊಂಡು ನಕ್ಕರು. "ಹುಡುಗೂರ ತಲಿಗೆ ಹಾಕ್ತಾರ್ರಿ ಅತ್ತಿಯವರ," ಎಂದೆ. ಅತ್ತೆಗೆ ಕಣ್ಣಲ್ಲಿ ನೀರು ಬಂತು. ಅತ್ತೆ ಸೊಸೆಯರನ್ನು ಒಂದು ಮಾಡಲು ಹಿರಿಯರು ಎಷ್ಟೋ ಉಪದೇಶ ಹೇಳಿದ್ದಾರೆ, ವ್ರತ ಹೇಳಿದ್ದಾರೆ. ಅವಮಾನ ಮಾಡಲು ಯೋಗ್ಯನಾದ ಒಬ್ಬ ಗಂಡಸನ್ನು ಇಬ್ಬರ ನಡುವೆ ಕೂಡಿಸಿದರೆ ಸಾಕೆಂದು ಯಾರೂ ಹೇಳಿರಲಿಲ್ಲ.

ನಮ್ಮವರು ಬೈರಿಗೆಯನ್ನು ಕೆಳಗಿಟ್ಟು, ಹರಿದ ತುಂಡುಗಳನ್ನು ಒಂದೊಂದಾಗಿ ಮಂಚದ ಬುಡಕ್ಕೆ ಕೂಡಿಸಿಟ್ಟು, ಒಳಗಿನ ಕೋಣೆಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದು ಕೇಳಿ ಅತ್ತೆಯ ನಗೆ ನಿಂತಿತು.

"ಸಿಟ್ಟ ಬಂತೇನ ಅವಗ?"

"ಬರ್ಲಿ ಬಿಡ್ರಿ," ಎಂದೆ. ಆದರೆ ನನಗೂ ಆ ಮುಚ್ಚಿದ ಬಾಗಿಲು ಚೆನ್ನಾಗಿ ಕಾಣಲಿಲ್ಲ. ಬೆರಳಿಗೆ ಗರಗಸ ತಾಗಿ ಸುತ್ತಿದ ಬಟ್ಟೆಯಲ್ಲಿ ರಕ್ತದ ಕಲೆ ಇದ್ದದ್ದು ಆಗ ನೆನಪಾಯಿತು.

ಅತ್ತೆ ಹರಕು ತುಂಡೊಂದನ್ನು ಎತ್ತಿ ಕಣ್ಣಿಗೆ ಹಿಡಿದು ನೋಡಿದರು. "ಒಳಗ ಪೊಳ್ಳ ಐತಿ. ಪೊಳ್ಳ ಇದ್ದದ್ದನ್ನ ಒತ್ತಿದರ ಒಡೀಲಾರದ ಏನ ಮಾಡೀತು? ಒಳಗ ಏನರ ತುರಕಬೇಕು."

ಶಾಲೆಯ ಸಮ್ಮೇಳನಕ್ಕೆಂದು ತಂದಿಟ್ಟ ಕೋಲಾಟದ ಕೋಲುಗಳು ನನ್ನ ಚೀಲದಲ್ಲಿದ್ದವು. ಒಂದನ್ನು ತಂದು ತುರುಕಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಕೊಯ್ತ ನೆಟ್ಟಗೆ ಬರಲು ಒಂದು ಕಾಗದದ ಪಟ್ಟಿಯನ್ನು ಅಂಚಿಗೆ ಅಂಚು ಕೂಡಿಸಿ ಪೈಪಿಗೆ ಸುತ್ತಿದೆ. ಅದರ ಅಂಚಿನಗುಂಟ ಪೆನ್ಸಿಲ್ ಗೆರೆ. ಇದು ನನ್ನ ಬುದ್ಧಿ, ಜಂಪರಿನ ತೋಳು ಕತ್ತರಿಸಿ ಕಲಿತದ್ದು. ಅತ್ತೆ ಮಂಚದಿಂದ ಇಳಿದು ನೆಲಕ್ಕೆ ಕೂತು, ಒಳ್ಳೆಯ ಕೈಯಿಂದ ಪೈಪಿನ ತುದಿ ಹಿಡಿದರು. ನಾನು ಗೆರೆಯ ಮೇಲೆ ಗರಗಸ ಆಡಿಸುತ್ತ, ಅವರು ಪೈಪನ್ನು ತುಸು ತುಸುವೇ ತಿರುಗಿಸುತ್ತ ಹೋದೆವು. ಒಂದೇ ಕಡೆ ಆಳಕ್ಕೆ ಇಳಿಯದೆ ಸುತ್ತಲೂ ಮೆಲ್ಲಗೆ ಕೊಯ್ದಾಗ ಪೈಪು ಕಿರಿಚಲಿಲ್ಲ. ಕೊಯ್ತದ ಎರಡು ಕೊನೆಗಳು ಕೂಡಿದವು. ತುಂಡು ಬೀಳುವ ಹೊತ್ತಿಗೆ ಕೋಣೆಯ ಬಾಗಿಲು ತೆರೆದಿತ್ತು. ನಮ್ಮವರು ಹೊಸ್ತಿಲಲ್ಲಿ ನಿಂತಿದ್ದರು.

"ಬೈರಿಗಿ ನಾ ತಿರವತೇನಿ," ಎಂದರು, ಸಣ್ಣ ದನಿಯಲ್ಲಿ.

"ಅದರ ಮ್ಯಾಲ ಬೀಳಬ್ಯಾಡ. ಮೆತ್ತಗ ತಿರವು," ಎಂದರು ಅತ್ತೆ.

ತಿರುವಿದರು. ನಾನು ಕೋಲು ಒತ್ತಿ ಹಿಡಿದಿದ್ದೆ, ಅತ್ತೆ ಪೈಪು ಹಿಡಿದಿದ್ದರು. ಬೂದಿಬಣ್ಣದ ಸಣ್ಣ ಸುರುಳಿಯೊಂದು ಬೈರಿಗೆಯ ಮೊನೆಯಿಂದ ಎದ್ದು ಬಂತು, ಒಂದು ದುಂಡನೆಯ ತೂತು ಬಿತ್ತು. ಮೂವರೂ ಬಗ್ಗಿ ಅದರೊಳಗೆ ನೋಡಿದೆವು. ಒಳಗೆ ಕೋಲಾಟದ ಕೋಲಿನ ಕೆಂಪು ಬಣ್ಣ ಕಂಡಿತು. ಅಷ್ಟಕ್ಕೆ ಮೂವರೂ ಹಿಗ್ಗಿದ್ದನ್ನು ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ.

ಪೈಪು ಗೋಡೆಗೇರಿತು. ಅದರ ನಂತರದ ರವಿವಾರ ಪೀಪಾಯಿ ತುಂಬಿ, ನಮ್ಮವರು ಜಗಲಿಯ ಮುಂದಿನ ಬೆಣೆ ತೆಗೆದರು. ಮೊದಲು ಗಾಳಿ ಬಂತು, ಆಮೇಲೆ ಸೀನಿದ ಹಾಗೆ ಸದ್ದು, ಕಡೆಗೆ ನೀರು. ಹರಿಯಿತು! ಆದರೆ ಕೊಯ್ದ ಪುಡಿಯನ್ನೆಲ್ಲ ತೊಳೆದುಕೊಂಡು ಬೂದಿಬಣ್ಣದಲ್ಲಿ ಹರಿಯಿತು. ಒಂದು ಕೊಡ ಹೋದ ಮೇಲೆ ತಿಳಿಯಾಯಿತು. ಅತ್ತೆ ಬೊಗಸೆಯೊಡ್ಡಿ, ಮೂಗಿನ ಹತ್ತಿರ ಹಿಡಿದು, ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ನಮ್ಮವರು ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗನಂತೆ ನಿಂತಿದ್ದರು.

"ನೀರ ಛಲೋ ಐತಿ. ಆದರ ದವಾಖಾನಿ ವಾಸನಿ ಬರ್ತೈತೋ ಬಸೂ. ಲಿಂಗಪ್ಪಗ ಯಾಕ ಔಷಧ ಕುಡಸೂದು? ಭಾಂಡೆ ತಿಕ್ಕಾಕ ಅಡ್ಡಿ ಇಲ್ಲ."

ತರ್ಕಶಾಸ್ತ್ರ ಅಲ್ಲಿಗೆ ಮುಗಿಯಿತು. ನಮ್ಮವರು ಬೆಣೆ ಬಡಿದು ಪಡಸಾಲೆಗೆ ಹೋಗಿ ಕೂತರು. ಇನ್ನು ನಾಳೆ ಬೆಳಿಗ್ಗೆ ಮತ್ತೆ ಅತ್ತೆ, ಮತ್ತೆ ಪಾಚಿ, ಮತ್ತೆ ಎಡಗೈಯ ಚಂಬು. ಇಷ್ಟೆಲ್ಲ ಗದ್ದಲ ಮಾಡಿ ಪಾತ್ರೆ ತೊಳೆಯುವ ನೀರು ತಂದರಲ್ಲ ಎಂದು ನನಗೆ ಅವರ ಮೇಲೆ ಎಂದಿಗಿಂತ ಹೆಚ್ಚು ತಾತ್ಸಾರ ಹುಟ್ಟಬೇಕಾಗಿತ್ತು. ಹುಟ್ಟಿತು ಕೂಡ, ಆದರೆ ಯಾಕೋ ಗಟ್ಟಿಯಾಗಿ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ನಾನು ಜಳಕ ಮಾಡಿ ಬಂದಾಗ ಅತ್ತೆ ಹಿತ್ತಲ ಬಾಗಿಲಲ್ಲಿ ಚಂಬು ಹಿಡಿದು ನಿಂತಿದ್ದರು. ಮಳೆ ಹನಿಯುತ್ತಿತ್ತು. ನಾನು ಗೋಡೆಗೆ ಏನಾದರೂ ಹೇಳುವ ಮೊದಲೇ ಅವರು ಚಂಬನ್ನು ನನ್ನತ್ತ ಚಾಚಿದರು.

"ಅಗ್ಘವಣಿ ನೀನ ತಾ ಇವತ್ತ. ಕಾಲ ಒತ್ತಿ ಇಡು, ಜಾರತೈತಿ."

"ನಾ ಪೂಜಿ ಮುಗಸಾಕಿ ಅಲ್ಲೇನ್ರಿ ಅತ್ತಿಯವರ?"

"ಪೂಜಿ ನಾ ಮಾಡತೇನಲ್ಲವಾ. ನೀ ನೀರ ತಾ."

ತಂದೆ. ಒಂದು ಹನಿ ಚೆಲ್ಲದೆ, ಯಾರೊಡನೆಯೂ ಮಾತಾಡದೆ ತಂದೆ. ಅತ್ತೆ ಪೂಜೆಗೆ ಕೂತರು. ಮುಗಿಸಿ ಎದ್ದು ಅಡುಗೆಮನೆಗೆ ಬಂದಾಗ ನಾನು ಒಲೆ ಊದುತ್ತಿದ್ದೆ. ನಮ್ಮವರು ಇನ್ನೂ ಪಡಸಾಲೆಯಲ್ಲಿ, ಪುಸ್ತಕ ತೆರೆದಿಟ್ಟುಕೊಂಡು, ಓದದೆ ಕೂತಿದ್ದರು. ಅತ್ತೆ ನನ್ನ ಪಕ್ಕಕ್ಕೆ ಕೂತು ಮೆಲ್ಲನೆಯ ದನಿಯಲ್ಲಿ ಹೇಳಿದರು:

"ನಿಮ್ಮ ಮಾವ ಇದ್ದರಲ್ಲಾ, ಹುಬ್ಬಳ್ಯಾಗ ಅವರ ಮಾತಿಗೆ ದೊಡ್ಡ ಬೆಲಿ. ಮಂದಿ ಎದ್ದು ನಿಲ್ಲತಿದ್ದರು. ನಾ ಬಸೂನ ಹಡದ ಹದಿನೈದ ದಿನಕ್ಕ ನೀರಿನ ಕೊಡಾ ಹೊತ್ತು ಮ್ಯಾಳಗಿ ಮೆಟ್ಟಲಾ ಹತ್ತಿ ಬಂದೇನಿ. ಅವರು ಕಟ್ಟಿಮ್ಯಾಲ ಕುಂತು ನೋಡಿದರು. ಭಾರ ಆತೇನು ಅಂತ ಕೇಳಲಿಲ್ಲ. ಕೆಟ್ಟವರಲ್ಲ ನೋಡವಾ, ಅವರಿಗೆ ತಿಳೀಲೇ ಇಲ್ಲ." ಎಡಗೈಯಿಂದ ಒಲೆಗೊಂದು ಕಟ್ಟಿಗೆ ತಳ್ಳಿದರು. "ಈ ಹುಚ್ಚ ನೋಡು, ಕೈ ಬಟ್ಟ ಕೊಯ್ಕೊಂಡ. ತಿಳೀದ ಕೆಲಸಾ ಮಾಡಿ ನಮ್ಮ ಕಡಿಂದ ನಗಿಸ್ಕೊಂಡ. ಹುಚ್ಚನ ಹೌದು. ಆದರ ನನ್ನ ಸಲುವಾಗಿ ಹುಚ್ಚ ಆದನಲ್ಲಾ."

ಒಲೆಯ ಹೊಗೆಯೆಂದು ಕಣ್ಣೊರೆಸಿಕೊಂಡೆ, ಹೊಗೆ ಇತ್ತು ಕೂಡ. ಚಹಾ ಕುದಿಸಿ, ಮನೆಯಲ್ಲಿದ್ದ ಒಂದೇ ಒಂದು ಯಾಲಕ್ಕಿಯನ್ನು ಜಜ್ಜಿ ಹಾಕಿ, ಕಪ್ಪು-ಬಸಿಯಲ್ಲಿ ಪಡಸಾಲೆಗೆ ಒಯ್ದೆ.

ನಮ್ಮವರು ತಲೆಯೆತ್ತಿ ನೋಡಿದರು. "ಇವತ್ತೇನ ವಿಶೇಷ?"

ತಾತ್ಸಾರವೆಂಬುದು ಹೆಂಗಸರ ಕೈಯಲ್ಲಿರುವ ಹತ್ಯಾರ. ಅದನ್ನು ಒಂದು ದಿನದ ಮಟ್ಟಿಗೂ ಕೆಳಗಿಡಬಾರದೆಂದು ಬಲ್ಲವಳು ನಾನು.

"ವಿಶೇಷ ಏನಿಲ್ಲರಿ," ಎಂದೆ. "ಅತ್ತಿಯವರಿಗೆ ಮಾಡಿದ್ದು ಉಳದಿತ್ತು. ಚೆಲ್ಲೂದ್ಯಾಕಂತ ತಂದೇನಿ."